ಹೆಸರು ಕೆತ್ತದ ಚೂರಿಗಳು

"ನನ್ನ ತಮ್ಮನ್ನ ಮನೆಗೆ ಕರ್ಕೊಂಡು ಬನ್ನಿ. ಬರ್ತಾ ದಾರೀಲಿ ಬೈಬೇಡಿ."

ಸಾತವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆಯ ಕಡೆಗೆ ಮಗ್ಗುಲಾದಳು. ಮೈಮೇಲೆ ಜ್ವರ ಇತ್ತು.

ಬಹಳ ಹಿಂದಿನ ಸಂಗತಿ ಇದು. ಹಕ್ಕಿಗೂ ಹಂದಿಗೂ ಮಾತು ಬರುತ್ತಿದ್ದ ಕಾಲ. ಆಗ ಕೆಂಗಲ್ಲು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಕುಲುಮೆಹಟ್ಟಿ ಅಂತ ಒಂದು ಊರು. ಊರಿನ ತುಂಬ ಚೂರಿ ಮಾಡುವವರು. ಬೆಳಗಾದರೆ ಸುತ್ತಿಗೆ ಸದ್ದು.

ಆ ಊರಲ್ಲಿ ಒಂದು ಕಟ್ಟಳೆ. ಚೂರಿಯ ಮೇಲೆ ಯಾರೂ ತಮ್ಮ ಹೆಸರು ಕೆತ್ತುವ ಹಾಗಿಲ್ಲ. ಗುರುತು ಹಾಕುವ ಹಾಗೂ ಇಲ್ಲ. ಹಾಕಿದರೆ ಅಲಗು ಮುನಿಯುತ್ತದೆ, ಮಾಡಿದವನ ಕೈಯನ್ನೇ ಕೊಯ್ಯುತ್ತದೆ ಅಂತ ನಂಬಿದ್ದರು. ಆದರೆ ಕೈ ಸುಮ್ಮನೆ ಇರುತ್ತದೆಯೇ? ಒಬ್ಬೊಬ್ಬರ ಕೈಗೆ ಒಂದೊಂದು ಚಾಳಿ. ಅದು ಕಬ್ಬಿಣದಲ್ಲಿ ಉಳಿಯುತ್ತಿತ್ತು.

ಸಾತವ್ವನ ಗಂಡ ಮಾರೋಜ ಚೂರಿ ಮಾಡುವವನಲ್ಲ. ಸಾಣೆ ಹಿಡಿಯುವವನು. ಸಾಣೆಕಲ್ಲು ಹೊತ್ತು ಮನೆ ಮನೆಗೆ ಹೋಗುತ್ತಿದ್ದ. ಊರಿನ ಚೂರಿಗಳೆಲ್ಲ ಅವನ ಕೈ ಹಾದು ಹೋಗಿದ್ದವು. ಚೂರಿ ಕೈಗೆ ಬಂದರೆ ಯಾರು ಮಾಡಿದ್ದು ಅಂತ ಅವನಿಗೆ ಗೊತ್ತಾಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಅವನೂ ಹೇಳುತ್ತಿರಲಿಲ್ಲ.

ಚೂರಿ ಮಾಡುತ್ತಿದ್ದದ್ದು ಸಾತವ್ವ. ತಮ್ಮ ಬಮ್ಮೋಜನಿಗೆ ಅವಳೇ ಕೆಲಸ ಕಲಿಸಿದಳು. ಅವನು ಚೆನ್ನಾಗಿ ಕಲಿತ. ಅದೇ ಕಷ್ಟವಾಯಿತು. ಅವನು ಮಾಡಿದ ಚೂರಿ ಹಿಡಿದು ಎಲ್ಲರೂ "ಸಾತವ್ವಂದಲ್ವಾ ಇದು?" ಅನ್ನುತ್ತಿದ್ದರು.

ಪಕ್ಕದ ಕುಲುಮೆಯ ಕಾಳೋಜ ಒಂದು ದಿನ ಕಿಚಾಯಿಸಿದ.

"ಬಮ್ಮ, ನಿಮ್ಮಕ್ಕ ಒಬ್ಬಳೇ ಎಷ್ಟು ಅಂತ ಮಾಡ್ತಾಳೋ? ನೀನೂ ಒಂದು ಮಾಡೋ ಮಾರಾಯ."

ಎಲ್ಲರೂ ನಕ್ಕರು. ಬಮ್ಮೋಜ ನಗಲಿಲ್ಲ.

ಅದೇ ಹೊತ್ತಿಗೆ ಕರಿಗವಿ ಬೆಟ್ಟದಿಂದ ಒಬ್ಬ ಮಂತ್ರವಾದಿ ಬಂದ. ಅವನ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಬೋಳಂಗೈಯ ಅಂತಲೇ ಅವನ ಹೆಸರು.

"ಬನ್ನಿ ನನ್ನ ಗವಿಗೆ," ಅಂದ. "ಒಂದು ಚೂರಿ ಮಾಡಿ ಕೊಡಿ. ಅದರ ಮೇಲೆ ನಿಮ್ಮ ಹೆಸರು ಬಂಗಾರದಲ್ಲಿ ಕೆತ್ತಿಸ್ತೀನಿ. ಏಳು ರಾಜ್ಯದ ಜನ ಓದಲಿ."

ಬಮ್ಮೋಜ ಮೊದಲು ಹೋದ. ಅವನು ಹೋದ ಅಂತ ಕಾಳೋಜ ಹೋದ. ಒಬ್ಬರ ಹಿಂದೆ ಒಬ್ಬರು ಹೋದರು. ಕಿವಿ ಮಂದವಾದ ಮುದುಕಿ ಗೌರಜ್ಜಿಯೂ ಕೋಲೂರಿಕೊಂಡು ಹೋದಳು. ಯಾರೂ ತಿರುಗಿ ಬರಲಿಲ್ಲ. ಕುಲುಮೆಗಳು ತಣ್ಣಗಾದವು.

ಸಾತವ್ವ ಹೋಗಲಿಲ್ಲ. ತಮ್ಮನ ದಾರಿ ನೋಡಿದಳು. ನೋಡಿ ನೋಡಿ ಹಾಸಿಗೆ ಹಿಡಿದಳು.

ಅವಳನ್ನು ಮಣ್ಣಿಗಿಟ್ಟು ಬಂದು ಮಾರೋಜ ಬಾಗಿಲು ಎಳೆದುಕೊಂಡ. ಸಣ್ಣ ಸಾಣೆಕಲ್ಲು ಒಂದನ್ನು ಚೀಲಕ್ಕೆ ಹಾಕಿದ. ಬೆಟ್ಟದ ಕಡೆ ನಡೆದ.

ಕಣಿವೆಯ ಬಾಯಲ್ಲಿ ಒಂದು ಮುಳ್ಳುಹಂದಿ ಮಲಗಿತ್ತು. ಎತ್ತಿನ ಗಾತ್ರ. ಮೈ ತುಂಬ ಮುಳ್ಳಿನ ಬದಲು ಚೂರಿ.

"ಎಲ್ಲಿಗೆ?" ಅಂತು ಮುಳ್ಳುಹಂದಿ.

"ಬಾಮೈದನ್ನ ಕರೆಯೋಕೆ."

"ನನ್ನ ಮೈಯಿಂದ ಒಂದು ಚೂರಿ ಕೀಳು. ಮಾಡಿದವರ ಹೆಸರು ಹೇಳು. ಸರಿಯಾದ್ರೆ ಅವರು ಅದರಿಂದ ಎದ್ದು ಬರ್ತಾರೆ. ನೀನು ಮುಂದೆ ಹೋಗಬಹುದು. ತಪ್ಪಾದ್ರೆ ನೀನೂ ಚೂರಿಯಾಗಿ ನನ್ನ ಬೆನ್ನ ಮೇಲಿರ್ತೀಯ."

ಮಾರೋಜನಿಗೆ ಆಗ ಗೊತ್ತಾಯಿತು, ಊರಿನವರು ಏನಾದರು ಅಂತ. ಒಂದು ಚೂರಿ ಕಿತ್ತ. ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಹಿಡಿಯ ಹತ್ತಿರ ಅಲಗು ದಪ್ಪ ಇತ್ತು. ಇರಬೇಕಾದ್ದಕ್ಕಿಂತ ದಪ್ಪ.

"ಕಾಳೋಜಂದು. ಒಂದು ಸಲ ಅವನ ಚೂರಿ ಗಿರಾಕಿ ಕೈಲಿ ಮುರೀತು. ಅವತ್ತಿಂದ ಅಲಗಿನ ಕುತ್ತಿಗೆ ದಪ್ಪ ಬಿಡ್ತಾನೆ. ಹೆದರಿಕೆ."

ಚೂರಿ ಆಕಳಿಸಿತು. ಆಕಳಿಸಿ ಉದ್ದವಾಯಿತು. ಕಾಳೋಜ ಎದ್ದು ನಿಂತು ಮೈ ಮುರಿದ.

"ಹೆದರಿಕೆ ಅಂತ ಹಂದಿ ಮುಂದೆ ಹೇಳ್ಬೇಕಿತ್ತಾ ಮಾರ?" ಅಂದ. ಆಮೇಲೆ "ಸಾತವ್ವ ಹೆಂಗವಳೆ?" ಅಂದ.

"ಹೋದಳು."

ಕಾಳೋಜ ಮಾರೋಜನ ಹೆಗಲಿನಿಂದ ಚೀಲ ತೆಗೆದುಕೊಂಡು ತಾನು ಹೊತ್ತ. ಇಬ್ಬರೂ ನಡೆದರು.

ಮುಂದೆ ಒಂದು ಹೊಳೆ. ಹೊಳೆಯ ನಡುವೆ ಒಂದು ಕೊಕ್ಕರೆ. ತೆಂಗಿನ ಮರದಷ್ಟು ಎತ್ತರ. ಕೊಕ್ಕಿನ ಜಾಗದಲ್ಲಿ ಒಂದು ಚೂರಿ.

"ಎಲ್ಲಿಗೆ?" ಅಂತು ಕೊಕ್ಕರೆ.

"ಬಾಮೈದನ್ನ ಕರೆಯೋಕೆ."

"ನನ್ನ ಕೊಕ್ಕು ಮಾಡಿದವರು ಯಾರು ಹೇಳು. ತಪ್ಪಾದ್ರೆ ಈ ಮರಿಗೆ ನೀನೇ ಕೊಕ್ಕು."

ಅದರ ಕಾಲಿನ ಹತ್ತಿರ ಒಂದು ಮೊಂಡುಮೂತಿಯ ಮರಿ ನಿಂತಿತ್ತು. ಅದು ಮಾರೋಜನನ್ನು ಆಸೆಯಿಂದ ನೋಡಿತು.

ಕೊಕ್ಕರೆ ತಲೆ ತಗ್ಗಿಸಿತು. ಹಿಡಿ ಕಾಣುತ್ತಿರಲಿಲ್ಲ, ಹಕ್ಕಿಯ ಮುಖದೊಳಗಿತ್ತು. ನೋಡಿದರೆ ಏನೂ ತಿಳಿಯಲಿಲ್ಲ. ಮಾರೋಜ ಕಾಳೋಜನ ಹೆಗಲಿನ ಚೀಲದಿಂದ ಸಾಣೆಕಲ್ಲು ತೆಗೆದ. ನೀರು ಚಿಮುಕಿಸಿದ. ಕೊಕ್ಕನ್ನು ಒಂದು ಸಲ ಉಜ್ಜಿದ. ಚೂರಿ ಕಿರ್ ಅಂತ ಕೂಗಿತು. ಕಾಳೋಜ ಹಲ್ಲು ಕಚ್ಚಿಕೊಂಡ.

"ಗೌರಜ್ಜಿದು," ಅಂದ ಮಾರೋಜ. "ಕೆಂಪಗೆ ಕಾದ ಅಲಗು ನೀರಲ್ಲಿ ಸುಂಯ್ ಅನ್ನೋದು ಅವಳಿಗೆ ಕೇಳಿಸಲ್ಲ. ಹದ ಮೀರುತ್ತೆ. ಕಲ್ಲಿಗಿಟ್ರೆ ಅದಕ್ಕೇ ಹಿಂಗೆ ಅರಚುತ್ತೆ."

ಕೊಕ್ಕು ಕಳಚಿ ಬಿತ್ತು. ನೀರಲ್ಲಿ ಗೌರಜ್ಜಿ ಕೂತಿದ್ದಳು. ಸೀರೆ ಒದ್ದೆ.

"ಏನಂದ್ಯೋ ನನ್ನ ಚೂರೀನ?"

"ಚೆನ್ನಾಗಿದೆ ಅಂದೆ ಅಜ್ಜಿ."

"ಅದು ನಂಗೆ ಗೊತ್ತಿಲ್ವಾ? ಎತ್ತು ಮೇಲಕ್ಕೆ."

ಕೊಕ್ಕರೆಗೆ ತನ್ನದೇ ಹಳದಿ ಕೊಕ್ಕು ಚಿಗುರಿತು. ಅದು ದಾರಿ ಬಿಟ್ಟಿತು. ಮೂವರೂ ಹೊಳೆ ದಾಟಿದರು.

ಗವಿಯ ಒಳಗೆ ಬೋಳಂಗೈಯ ಕೂತಿದ್ದ. ಹಿಂದಿನ ಗೋಡೆಯ ತುಂಬ ಚೂರಿಗಳು ನೇತಾಡುತ್ತಿದ್ದವು. ಯಾವುದರ ಮೇಲೂ ಬಂಗಾರದ ಹೆಸರು ಇರಲಿಲ್ಲ.

"ಇಷ್ಟು ಜನರ ಕೈ ನನ್ನ ಹತ್ರ ಇದೆ," ಅಂದ ಬೋಳಂಗೈಯ. "ಇವರ ಕೈ ಇರೋವರೆಗೂ ನನ್ನ ಮಂತ್ರ ನಡೆಯುತ್ತೆ. ನಿನಗೆ ಯಾರು ಬೇಕು?"

"ಬಮ್ಮೋಜ. ನನ್ನ ಬಾಮೈದ."

ಬೋಳಂಗೈಯ ನಕ್ಕ. ಬಟ್ಟೆಯಲ್ಲಿ ಸುತ್ತಿದ ಒಂದು ಚೂರಿಯನ್ನು ಮಾರೋಜನ ಕೈಗಿಟ್ಟ.

ಮಾರೋಜ ಬಟ್ಟೆ ಬಿಚ್ಚಿದ.

ಹೊಂಗೆ ಎಲೆಯ ಹಾಗೆ ಅಲಗು. ನಡುವೆ ಸ್ವಲ್ಪ ಹೊಟ್ಟೆ. ಮೊನೆ ಕೊಂಚ ಮೇಲಕ್ಕೆ. ಹಿಡಿಯ ಒಂದು ಮೂಲೆಯನ್ನು ಓರೆಯಾಗಿ ಉಜ್ಜಿ ನಯ ಮಾಡಿದ್ದರು, ಹಿಡಿದವರ ಬೆರಳು ನೋಯಬಾರದು ಅಂತ. ಸಾತವ್ವ ಹಾಗೇ ಮಾಡುತ್ತಿದ್ದಳು.

"ಗುರುತು ಸಿಕ್ತಲ್ಲ?" ಅಂದ ಬೋಳಂಗೈಯ. ಅವನ ದನಿ ಮೆತ್ತಗಿತ್ತು. "ನಿನ್ನ ಹೆಂಡತಿ ಹೋಗಿದ್ದು ಗೊತ್ತು ನನಗೆ. ಮಣ್ಣಿಗೆ ಹೋದವರು ನನ್ನ ಗವಿಗೆ ಬರಬಾರದು ಅಂತೇನಿಲ್ಲ. ಹೆಸರು ಹೇಳು. ಸರಿಯಾದ್ರೆ ಎದ್ದು ಬರ್ತಾಳೆ, ತಪ್ಪಾದ್ರೆ ನೀನೂ ಚೂರಿ. ನನ್ನ ಕಟ್ಟಳೆ ನಾನೇ ಮುರಿಯೋಕಾಗಲ್ಲ."

"ಸಾತಿ ಚೂರಿ ಕಣೋ ಅದು!" ಅಂದಳು ಗೌರಜ್ಜಿ. "ಬಾಯಿ ಬಿಡೋ ಮಾರ!"

"ಹೌದು ಮಾರ," ಅಂದ ಕಾಳೋಜ. "ನಾನೂ ಕಣ್ಣು ಮುಚ್ಚಿ ಹೇಳ್ತೀನಿ. ಅವಳದೇ."

ಮಾರೋಜನ ನಾಲಗೆಯ ತುದಿಗೆ ಹೆಸರು ಬಂತು. ಬಾಯಿ ತೆರೆದ. ಚೂರಿಯನ್ನು ಯಾವಾಗಲೂ ಹಿಡಿಯುವ ಹಾಗೆ ಹಿಡಿದ.

ಹೆಬ್ಬೆರಳಿಗೆ ನಯ ಸಿಗಲಿಲ್ಲ.

ಸಾತವ್ವನ ಚೂರಿಗೆ ಸಾಣೆ ಹಿಡಿಯುವಾಗ ಆ ಓರೆ ಅವನ ಹೆಬ್ಬೆರಳಿನ ಅಡಿಗೆ ಬರುತ್ತಿತ್ತು. ಎಲ್ಲ ಚೂರಿಯಲ್ಲೂ. ಮದುವೆಯಾದಾಗಿನಿಂದ. ಇದರಲ್ಲಿ ಅದು ತೋರುಬೆರಳಿನ ಕಡೆ ಇತ್ತು. ಅವನು ಕೈ ಬದಲಿಸಿ ನೋಡಿದ. ಮತ್ತೆ ಮೊದಲಿನ ಹಾಗೆ ಹಿಡಿದ. ತೋರುಬೆರಳಿನ ಕಡೆಯೇ.

ಅವನಿಗೆ ಮನೆಯ ಕುಲುಮೆ ಕಣ್ಣಿಗೆ ಬಂತು. ಸುತ್ತಿಗೆ ಬೀಳುವ ಅಡಿಗಲ್ಲಿನ ಈ ಕಡೆ ಸಾತವ್ವ. ಆ ಕಡೆ, ಅವಳಿಗೆ ಎದುರಾಗಿ, ಬಮ್ಮೋಜ. ಅವನು ಅಕ್ಕನ ಕೈ ನೋಡಿಯೇ ಕಲಿತವನು. ಎದುರಿಗೆ ಕೂತು ನೋಡಿದವನು. ಅವಳಿಗೆ ಬಲಗಡೆ ಆದದ್ದು ಅವನಿಗೆ ಎಡಗಡೆ ಕಂಡಿತ್ತು. ಕಂಡ ಹಾಗೆ ಮಾಡಿದ್ದ. ಯಾರೂ ತಿದ್ದಿರಲಿಲ್ಲ. ಮಾರೋಜನ ಹೆಬ್ಬೆರಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತೇ ಆಗಿರಲಿಲ್ಲ.

ಹೆಂಡತಿಯ ಹೆಸರು ಇನ್ನೂ ಮಾರೋಜನ ಬಾಯಲ್ಲೇ ಇತ್ತು. ಹೇಳಿಬಿಡುವ ಆಸೆ ಇತ್ತು. ತಪ್ಪಾದರೆ ತಾನೂ ಚೂರಿಯಾಗಿ ಇದರ ಪಕ್ಕದಲ್ಲಿ ನೇತಾಡುವುದು ಅಷ್ಟೇ ತಾನೆ ಅಂತಲೂ ಅನ್ನಿಸಿತು. ಆದರೆ ಆಗ ಈ ಹುಡುಗನೂ ಇಲ್ಲೇ ಉಳಿಯುತ್ತಾನೆ.

"ಇದು ಸಾತವ್ವಂದಲ್ಲ," ಅಂದ. "ಬಮ್ಮೋಜಂದು. ಬಮ್ಮೋಜ ಒಬ್ಬನದೇ."

ಚೂರಿ ಕೈಯಿಂದ ಜಾರಿತು. ನೆಲ ಮುಟ್ಟುವ ಮೊದಲೇ ಬಮ್ಮೋಜ ನಿಂತಿದ್ದ. ಗಡ್ಡ ಬಂದಿತ್ತು.

"ಭಾವ," ಅಂದ. "ನಂದು ಅಂತ ಹೆಂಗೆ ಗೊತ್ತಾಯ್ತು?"

"ಓರೆ ಆ ಕಡೆ ಹಾಕ್ತೀಯ ನೀನು."

ಬಮ್ಮೋಜ ತನ್ನ ಕೈ ನೋಡಿಕೊಂಡ. ಮುಖ ಅರಳಿತು. ಮಾರೋಜನ ಹಿಂದೆ ಇಣುಕಿ ನೋಡಿದ.

"ಅಕ್ಕ ಬರಲಿಲ್ವಾ?"

ಮಾರೋಜ ಹೇಳಿದ. ಬಮ್ಮೋಜ ನೆಲದ ಮೇಲೆ ಕೂತ.

"ಬೈಯಿರಿ ಭಾವ," ಅಂದ. "ಹೊಡೀರಿ."

"ಬೈಯಲ್ಲ. ಏಳು. ಕೆಲಸ ಇದೆ."

ಕೆಲಸ ಇತ್ತು. ಗೋಡೆಯ ಚೂರಿಗಳನ್ನು ನಾಲ್ವರೂ ಇಳಿಸತೊಡಗಿದರು. ಮಾರೋಜ ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದ. ಎದ್ದು ಬಂದವರು ತಮ್ಮ ಪಕ್ಕದ ಮನೆಯವರ ಚೂರಿ ಹುಡುಕಿದರು. "ಮೊನೆ ಸೊಟ್ಟ, ನಮ್ಮ ಚಿಕ್ಕಪ್ಪಂದೇ ಇದು" ಅಂತ ಒಬ್ಬ. "ಹಿಡಿ ಇಷ್ಟು ಉದ್ದ ಮಾಡಿ ಮರ ಹಾಳು ಮಾಡೋಳು ನನ್ನ ಹೆಂಡತಿ ಬಿಟ್ರೆ ಬೇರೆ ಯಾರು" ಅಂತ ಇನ್ನೊಬ್ಬ. ಅವನ ಹೆಂಡತಿ ಎದ್ದು ಬಂದವಳೇ ಅವನ ತೋಳಿಗೊಂದು ಕೊಟ್ಟಳು. ಗವಿಯಲ್ಲಿ ನಗು ಕೇಳಿಸಿತು.

ಒಬ್ಬೊಬ್ಬರು ಎದ್ದ ಹಾಗೆ ಬೋಳಂಗೈಯನ ಒಂದೊಂದು ಬೆರಳು ಜೋತುಬಿತ್ತು. ಅವನು ಮಂತ್ರ ಹಾಕೋಣ ಅಂತ ಚಿಟಿಕೆ ಹೊಡೆಯಲು ನೋಡಿದ. ಆಗಲಿಲ್ಲ. ಗೋಡೆ ಬರಿದಾದಾಗ ಅವನು ಒಂದು ಚೊಂಬು ನೀರು ಎತ್ತಲಾರದೆ ಕೂತಿದ್ದ. ಅವನನ್ನು ಯಾರೂ ಕೊಲ್ಲಲಿಲ್ಲ.

"ಕಾಲು ನೆಟ್ಟಗಿದೆಯಲ್ಲ?" ಅಂದಳು ಗೌರಜ್ಜಿ. "ಬಾ, ನನ್ನ ಕುಲುಮೆ ತಿದಿ ತುಳಿ. ಊಟ ಹಾಕ್ತೀನಿ."

ವಾಪಸು ಬರುವಾಗ ಕಣಿವೆಯಲ್ಲಿ ಮುಳ್ಳುಹಂದಿ ಕಾದಿತ್ತು. ಅದರ ಬೆನ್ನಿನ ಚೂರಿಗಳನ್ನೂ ಕಿತ್ತು ಹೆಸರು ಹೇಳಿದರು. ಅದಕ್ಕೆ ತನ್ನದೇ ಮುಳ್ಳು ಹುಟ್ಟಿತು. ಬೆಕ್ಕಿನ ಗಾತ್ರವಾಗಿ ಪೊದೆಗೆ ನುಗ್ಗಿತು.

ಹೊತ್ತು ಮುಳುಗುವ ಮುಂಚೆ ಎಲ್ಲರೂ ಊರು ಸೇರಿದರು. ಮನೆ ಮನೆಯಲ್ಲೂ ಒಲೆ ಹೊತ್ತಿತು. ಬಿಟ್ಟು ಹೋದವರು ಬಂದರು, ಕಾದವರು ಅತ್ತರು, ನಕ್ಕರು, ಉಂಡರು. ಕುಲುಮೆಹಟ್ಟಿ ಆಮೇಲೆ ತಲೆಮಾರುಗಟ್ಟಲೆ ಸುಖವಾಗಿತ್ತು. ಬಮ್ಮೋಜನ ಚೂರಿಯನ್ನು ಅಲ್ಲಿಂದ ಮುಂದೆ ಎಲ್ಲರೂ ಬಮ್ಮೋಜನ ಚೂರಿ ಅಂತಲೇ ಕೊಂಡರು.

ಮಾರನೆಯ ಬೆಳಿಗ್ಗೆ ಮಾರೋಜ ದೊಡ್ಡ ಸಾಣೆಕಲ್ಲು ಹೊತ್ತು ಬೀದಿಗೆ ಹೋದ. ಮೊದಲ ಮನೆಯಲ್ಲಿ ಕಾಳೋಜನ ಹೆಂಡತಿ ನಿಂಗವ್ವ ಒಂದು ಚೂರಿ ತಂದು ಕೊಟ್ಟಳು.

"ಪೂರ್ತಿ ಮೊಂಡಾಗಿದೆ ಮಾರಣ್ಣ. ಸೊಪ್ಪೂ ಹೆಚ್ಚೋಕಾಗ್ತಿಲ್ಲ."

ಮಾರೋಜ ಹಿಡಿದ. ಹೆಬ್ಬೆರಳಿಗೆ ನಯ ಸಿಕ್ಕಿತು.

ಸಾಣೆ ಹಿಡಿದರೆ ಅಲಗು ಸವೆಯುತ್ತದೆ. ಪ್ರತಿ ಸಲವೂ ಒಂದಿಷ್ಟು. ಇದನ್ನು ಮಾಡಿದವಳು ಇನ್ನೊಂದು ಮಾಡುವುದಿಲ್ಲ.

"ಯಾಕಣ್ಣ? ಆಗಲ್ವಾ?" ಅಂದಳು ನಿಂಗವ್ವ.

"ಆಗುತ್ತೆ. ನೀರು ತಗೊಂಡು ಬಾ."

ನೀರು ಬಂತು. ಅವನು ಕಲ್ಲು ತಿರುಗಿಸಿದ. ಅಲಗು ಇಟ್ಟ. ಸಣ್ಣ ಸದ್ದು, ಹದವಾದ ಸದ್ದು. ಎರಡೂ ಮಗ್ಗುಲು ಹಿಡಿದ. ಒರೆಸಿ ಕೊಟ್ಟ.

ನಿಂಗವ್ವ ಹೊಸ್ತಿಲಲ್ಲೇ ಕೂತು ಒಂದು ಹೀರೇಕಾಯಿ ಹೆಚ್ಚಿದಳು. ತೆಳ್ಳಗೆ ಬಿದ್ದವು ಹೋಳುಗಳು.

ಮಾರೋಜ ನೋಡಿದ. ಕಲ್ಲು ಹೊತ್ತು ಮುಂದಿನ ಮನೆಗೆ ಹೋದ.