ದಾಳಿಂಬೆಯ ನೆರಳಲ್ಲಿ ನೀಲಿ

"ಅಯ್ಯೋ! ಅದು ತಿನ್ನೋದಲ್ಲ!"

ಇಡೀ ಕ್ಲಾಸು ತಿರುಗಿ ನೋಡಿತು. ಕೂಗಿದ್ದು ಅವಳೇನಾ?! ಚಿತ್ರ ಕಲಿಯಲು ಸೇರಿದ ದಿನದಿಂದ 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತಾಡದ ಹುಡುಗಿ!

ಆದರೆ ಕೂಗು ತಡವಾಗಿತ್ತು. ಬಾಗಿಲ ಬಳಿಯ ಮೇಜಿನ ಮೇಲಿದ್ದ ದಾಳಿಂಬೆಯನ್ನು ಅಂದೇ ಸೇರಿದ ನೀಲಿ ಕೋಟಿನ ಯುವಕ ಆಗಲೇ ಎರಡು ಹೋಳು ಮಾಡಿದ್ದ. ಬಾಯಿ ತುಂಬ ಕಾಳು.

"ಇದು... ಎಲ್ಲರಿಗೂ ಇಟ್ಟಿದ್ದಲ್ವಾ?"

"ನಾನು ಬರೀತಿರೋ ಹಣ್ಣು ಅದು!"

"ಹೊಸಬರು ಬಂದ ದಿನವೇ ಪಾಠಾನ ನುಂಗಿಬಿಟ್ರಲ್ರೀ!" ಎಂದರು ಹಿಂದಿನ ಸಾಲಿನ ರಿಟೈರ್ಡ್ ಹೆಡ್‌ಮಾಸ್ಟರು. ಎಲ್ಲರೂ ಹೋ ಎಂದು ನಕ್ಕರು.

"ಸಾರಿ ರೀ... ಕೆಲಸದಿಂದ ನೇರ ಬಂದೆ. ಮಧ್ಯಾಹ್ನ ಊಟಾನೂ ಆಗಿರಲಿಲ್ಲ," ಎಂದ ಅವನು. ನಕ್ಕೂ ಬಿಟ್ಟ. ಹಲ್ಲೆಲ್ಲ ಕೆಂಪು!

ಅವಳ ತಲೆ ತಗ್ಗಿತು. ಕಿವಿ ಬಿಸಿಯಾಯಿತು.

'ನಗ್ತಾನೆ ಬೇರೆ! ಎಷ್ಟು ಕಷ್ಟಪಟ್ಟು ಅಳತೆ ತೆಗೆದಿದ್ದೆ...'

ಅವಳಿಗೆ ಬಾಯಿಗಷ್ಟೇ ನಾಚಿಕೆ. ಪೆನ್ಸಿಲ್ ಹಿಡಿದ ಕೈಗೆ ನಾಚಿಕೆ ಎಂಬುದೇ ಇರಲಿಲ್ಲ. ಎಲೆಯ ನರ ಎಲ್ಲಿ ಕವಲೊಡೆಯುತ್ತದೆ, ತೊಟ್ಟು ಎಲ್ಲಿ ಒರಟಾಗುತ್ತದೆ ಎಂಬುದನ್ನು ಕಣ್ಣು ಹೇಳಿದರೆ ಸಾಕು, ಕೈ ನಂಬುತ್ತಿತ್ತು.

ಆ ಕೈಯ ಮೇಲೆಯೇ ಈಗ ಎಲ್ಲವೂ ನಿಂತಿತ್ತು. ಊರಿನ ಸಸ್ಯೋದ್ಯಾನ ತನ್ನ ಗಿಡಗಳ ಬಗ್ಗೆ ಒಂದು ಪುಸ್ತಕ ತರುತ್ತಿತ್ತು. ಚಿತ್ರಗಾರರ ಕೆಲಸ ಖಾಲಿ ಇದ್ದದ್ದು ಒಂದೇ. ಪುಸ್ತಕದ ಹೊಣೆ ಚಿತ್ರ ಕಲಿಸುವ ಮೇಡಂ ಅವರದೇ; ತರಗತಿಯಲ್ಲಿ ಯಾರ ದಾಳಿಂಬೆಯನ್ನು ಅವರು ಒಪ್ಪುತ್ತಾರೋ ಅವರಿಗೆ ಆ ಕೆಲಸ! ದಾಳಿಂಬೆಯೇ ಯಾಕೆಂದರೆ, ಎಷ್ಟು ದಿನ ಎದುರಿಗಿಟ್ಟುಕೊಂಡರೂ ಅದು ಬೇಗ ಕೆಡುವುದಿಲ್ಲ.

ಕೆಲಸ ಸಿಗದಿದ್ದರೆ? ಅಕ್ಕನ ಆಫೀಸು ಕಾಯುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಅಪರಿಚಿತರ ಜೊತೆ ಮಾತು...

"ಡಿಗ್ರಿ ಮುಗಿಸಿ ಬಣ್ಣದ ಪೆನ್ಸಿಲ್ ಹಿಡ್ಕೊಂಡು ಕೂತಿದ್ದೀಯಲ್ಲೇ ಪುಟ್ಟಿ, ಮತ್ತೆ ಎಲ್‌ಕೆಜಿಗೆ ಸೇರ್ಕೊಂಡ್ಯಾ?" ಎಂದು ಅಕ್ಕ ಅಂದಾಗ ಅಮ್ಮ ಮಾತು ಸೇರಿಸಿದ್ದಳು. "ಇದೊಂದು ಆಗ್ಲಿಲ್ಲ ಅಂದ್ರೆ ಸುಮ್ಮನೆ ಅಕ್ಕನ ಹಿಂದೆ ಹೋಗು, ಅಷ್ಟೆ."

ಮರುದಿನ ಅವನು ಹೊಸ ಹಣ್ಣು ತಂದ. ಅವಳ ಮುಂದಿಟ್ಟು, ಹಣ್ಣಿನ ತುದಿಯ ಕಿರೀಟದ ಮೇಲೆ ಬೆರಳಾಡಿಸಿದ.

"ನೋಡಿ, ಆರು ಮೊನೆ. ನಿಮ್ಮದಕ್ಕೂ ಆರೇ ಇದ್ದಿದ್ದು. ಇಂಥದ್ದು ಸಿಗೋವರೆಗೂ ಹಣ್ಣಿನಂಗಡಿಯೋನ ಪ್ರಾಣ ತಿಂದೆ. ಕೊನೆಗೆ ಅವನು, 'ನೀವು ಹಣ್ಣು ತಗೋತಿದ್ದೀರೋ, ಹೆಣ್ಣು ನೋಡ್ತಿದ್ದೀರೋ' ಅಂದ."

ನಗು ಬಂತು. ಅವಳು ತುಟಿ ಕಚ್ಚಿಕೊಂಡಳು. 'ನಗಬಾರದು... ಸಲಿಗೆ ತಗೋತಾನೆ!'

ಅವಳೆದುರಿನ ಕುರ್ಚಿ ಖಾಲಿ ಇತ್ತು. ಅಲ್ಲೇ ಕೂತ.

"ಏನು ಕೆಲಸ ನಿಮ್ಮದು?" ಮೇಡಂ ಕೇಳಿದರು.

"ಹಲ್ಲು ಮಾಡ್ತೀನಿ ಮೇಡಂ. ಡಾಕ್ಟರಲ್ಲ. ಡಾಕ್ಟರ್ ಅಳತೆ ಕಳಿಸ್ತಾರೆ, ನಾನು ಲ್ಯಾಬಲ್ಲಿ ಹಲ್ಲು ಕಟ್ತೀನಿ. ಬಿಳಿ ಹಲ್ಲಿಗೂ ಹತ್ತಾರು ಬಿಳಿ ಇರುತ್ತೆ. ಆ ಛಾಯೆ ಕಲಿಯೋಕೆ ಬಂದೆ."

"ಸರಿ. ಹಣ್ಣು ತಿನ್ನದೆ ಕಲೀರಿ."

ಮೇಡಂ ಮಾತು ಕಡಿಮೆ, ಪಾಠ ಜಾಸ್ತಿ. "ಬೆಳಕು ಎಡಗಡೆ ಕಿಟಕಿಯಿಂದ. ಹೊಳಪಿರೋ ಕಡೆ ಕಾಗದಾನ ಮುಟ್ಟಲೇಬೇಡಿ, ಅಲ್ಲಿ ಕಾಗದದ ಬಿಳಿಯೇ ಬೆಳಕು. ನೆರಳಿಗೆ ಕಪ್ಪು ತಗೊಂಡ್ರೆ ಹಣ್ಣು ಸತ್ತುಹೋಗುತ್ತೆ! ಕೆಂಪಿನ ಕೆಳಗೆ ತೆಳ್ಳಗೆ ಹಸಿರು ಹಾಕಿ, ಅದೇ ನೆರಳಾಗುತ್ತೆ. ಒತ್ತಬೇಡಿ. ಪದರ ಪದರವಾಗಿ... ಮಗುವಿನ ಬೆನ್ನು ಸವರಿದ ಹಾಗೆ."

ಅವಳು ಸವರಿದಳು. ಹಸಿರು, ಅದರ ಮೇಲೆ ಹಳದಿ, ಅದರ ಮೇಲೆ ಕೆಂಪು. ದಿನದಿಂದ ದಿನಕ್ಕೆ ಹಣ್ಣು ಕಾಗದದಿಂದ ಉಬ್ಬಿ ಹೊರಗೆ ಬರತೊಡಗಿತು. ಕೈಗೆ ಸಿಗುವಷ್ಟು ದುಂಡಗೆ!

ನೆರಳಿನ ಬದಿಯ ಅಂಚಿನಲ್ಲಿ ಮಾತ್ರ ಏನೋ ವಿಶೇಷ ಕಾಣುತ್ತಿತ್ತು. ಕೂದಲೆಳೆಯಷ್ಟು ಸಣ್ಣ ನೀಲಿ ಬೆಳಕು. ಕಣ್ಣು ಕಿರಿದು ಮಾಡಿ ನೋಡಿದಳು. ಇದೆ. ಖಂಡಿತ ಇದೆ! ನೀಲಿ ಪೆನ್ಸಿಲ್ ಎತ್ತಿಕೊಂಡಳು.

ಎದುರಿನ ಕುರ್ಚಿಯಿಂದ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಅವನ ದಾಳಿಂಬೆ ಟೊಮೆಟೊ ಥರ ಆಗಿತ್ತು. ಆ ಬಗ್ಗೆ ಅವನಿಗೆ ಚಿಂತೆಯೂ ಇರಲಿಲ್ಲ. ಒಮ್ಮೆ ಅವಳು ತಲೆಯೆತ್ತಿ ಮಾತಾಡಬೇಕು... ಬೈದರೂ ಸರಿ!

ಅದಕ್ಕೇ ಆ ದಿನ ಬಾಯಿಬಿಟ್ಟ, ಎಲ್ಲರಿಗೂ ಕೇಳುವ ಹಾಗೆ.

"ಏನ್ರೀ, ದಾಳಿಂಬೆಗೆ ನೀಲಿ ಎಲ್ಲಿಂದ ಬಂತು? ಪೆಟ್ಟುಗಿಟ್ಟು ಬಿದ್ದಿದೆಯಾ?"

"ಜಾರಿ ಬಿದ್ದಿರಬೇಕು, ಬ್ಯಾಂಡೇಜ್ ತರ್ಲಾ?" ಹೆಡ್‌ಮಾಸ್ಟರು ದನಿಗೂಡಿಸಿದರು. ಮತ್ತೆ ಹೋ ಎಂದು ನಗು.

ಅವಳ ಪೆನ್ಸಿಲ್ ನಿಂತಿತು. 'ನನ್ನ ಚಿತ್ರ... ಎಲ್ಲರ ಮುಂದೆ...'

"ನೀವು ಎದುರು ಕೂತ್ರೆ ನನಗೆ ಬೆಳಕೇ ಬರಲ್ಲ," ಎಂದಳು. ದನಿ ನಡುಗಿತು. "ಬೇರೆ ಕಡೆ ಕೂತ್ಕೊಳ್ಳಿ!"

ಅವನ ಮುಖದ ನಗು ಆರಿಹೋಯಿತು. ಪೆನ್ಸಿಲ್ ಡಬ್ಬಿ ಎತ್ತಿಕೊಂಡು, ಹೆಡ್‌ಮಾಸ್ಟರ ಪಕ್ಕ, ಹಿಂದಿನ ಕಿಟಕಿಯ ಬಳಿ ಹೋಗಿ ಕೂತ.

'ಇವಳಿಗೆ ನನ್ನ ಕಂಡ್ರೇ ಆಗಲ್ಲ...' ಎಂದುಕೊಂಡ ಅವನು.

'ಹೋದ್ರೆ ಹೋಗ್ಲಿ. ನೆಮ್ಮದಿ!' ಎಂದುಕೊಂಡಳು ಅವಳು.

ಆದರೆ ನೆಮ್ಮದಿ ಬರಲಿಲ್ಲ. ಮುಂದಿನ ತರಗತಿಗೆ ಬಂದು ಹಣ್ಣಿನ ಮುಂದೆ ಕೂತವಳು ಗಾಬರಿಯಾದಳು.

ನೀಲಿ ಇಲ್ಲ!

ಪರದೆ ಸರಿಸಿದಳು. ಹಣ್ಣನ್ನು ಒರೆಸಿದಳು. ಬಗ್ಗಿ ನೋಡಿದಳು, ನಿಂತು ನೋಡಿದಳು. ನೆರಳಿನ ಅಂಚು ಮಣ್ಣಿನ ಹಾಗೆ ಮಂಕಾಗಿ ಬಿದ್ದಿತ್ತು.

'ಹಾಗಾದ್ರೆ ನಾನು ಕಂಡಿದ್ದು ಸುಳ್ಳಾ? ನನ್ನ ಕಣ್ಣೇ ನನಗೆ ಮೋಸ ಮಾಡ್ತಾ?'

ಅದಕ್ಕಿಂತ ದೊಡ್ಡ ಭಯ ಅವಳಿಗಿರಲಿಲ್ಲ. ಸುತ್ತ ನೋಡಿದಳು. ಹಿಂದಿನ ಮೇಜಿನ ಮೇಲೆ ಹೆಡ್‌ಮಾಸ್ಟರ ಬಿಳಿ ಪಿಂಗಾಣಿ ಲೋಟ. ಅದರ ಒಂದು ಪಕ್ಕ... ನೀಲಿ!

ಲೋಟದ ಆಚೆ, ಬಿಸಿಲಲ್ಲಿ, ತಲೆ ತಗ್ಗಿಸಿ ಕೂತಿದ್ದ ನೀಲಿ ಕೋಟು.

ಅಷ್ಟು ದಿನ ಹಣ್ಣಿನ ನೆರಳನ್ನು ಬೆಳಗಿದ್ದು ಆ ಕೋಟಿನ ಬೆಳಕು, ಅವನು! ಎದುರು ಕೂತು, ಏನೂ ಮಾಡದೆ, ಸುಮ್ಮನೆ ಇದ್ದು... ಅವಳು ಅವನ ಮುಖ ನೋಡಿರಲಿಲ್ಲ. ಆದರೆ ದಿನಾ ಅವನನ್ನೇ ನೋಡಿದ್ದಳು. ಬರೆದೂ ಇದ್ದಳು!

"ಇದೇನು ಈ ನೀಲಿ?" ತಲೆಯ ಮೇಲೆ ಮೇಡಂ ದನಿ. "ಶನಿವಾರ ಆಯ್ಕೆ. ಕೆಂಪು ಹಣ್ಣಿಗೆ ಇಂಥ ತಪ್ಪಾ? ಉಜ್ಜಿ ತೆಗೀರಿ."

ತೆಗೆಯಲು ಬರುವಂತಿರಲಿಲ್ಲ. ಬಣ್ಣ ಮೇಣದ ಹಾಗೆ ಕಾಗದಕ್ಕೆ ಕೂತುಬಿಟ್ಟಿತ್ತು. ತೆಗೆಯುವ ಮನಸ್ಸೂ ಅವಳಿಗಿರಲಿಲ್ಲ.

ಎದ್ದು ನಿಂತಳು.

"ತಪ್ಪಲ್ಲ ಮೇಡಂ. ಕಂಡಿದ್ದನ್ನೇ ಬರೆದಿದ್ದೀನಿ. ತೋರಿಸ್ತೀನಿ." ಹಿಂದೆ ತಿರುಗಿದಳು. ಈ ಸಲ ದನಿ ನಡುಗಲಿಲ್ಲ. "ರೀ... ನೀಲಿ ಕೋಟಿನೋರೇ! ಇಲ್ಲಿ ಬಂದು ಕೂತ್ಕೊಳ್ಳಿ."

"ನಾನಾ?" ಅವನು ಕಣ್ಣರಳಿಸಿದ. "ನಾನು ಕೂತ್ರೆ ನಿಮಗೆ ಬೆಳಕು ಬರಲ್ಲ ಅಂದಿದ್ರಿ..."

"ಸಿಟ್ಟಲ್ಲಿ ಅಂದೆ. ನೀವು ಕೂತ್ರೇನೇ ಬರೋದು."

ಹೆಡ್‌ಮಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಅವನು ಬಂದು ಕೂತ. ದಾಳಿಂಬೆಯ ಅಂಚಿನಲ್ಲಿ ನೀಲಿ ಗೆರೆ ಮೂಡಿತು!

ಮೇಡಂ ಬಗ್ಗಿದರು. "ಏಳಿ." ಎದ್ದು ಪಕ್ಕಕ್ಕೆ ಸರಿದ. ಗೆರೆ ಮಾಯ. "ಕೂತ್ಕೊಳ್ಳಿ." ಮತ್ತೆ ಬಂತು. "ಏಳಿ."

"ಮೇಡಂ, ಇದು ಚಿತ್ರದ ಕ್ಲಾಸೋ, ವ್ಯಾಯಾಮದ್ದೋ?" ಎಂದ ಅವನು.

ಮೇಡಂ ನಗಲಿಲ್ಲ. ಅವಳ ಮುಖವನ್ನೇ ನೋಡಿದರು. "ಇಷ್ಟು ವರ್ಷದಲ್ಲಿ ಇಂಥ ಕಣ್ಣು ನೋಡಿರಲಿಲ್ಲ. ಆದ್ರೆ ಈ ಚಿತ್ರ ಪುಸ್ತಕಕ್ಕೆ ಆಗಲ್ಲ ತಾಯಿ. ಪುಸ್ತಕಕ್ಕೆ ದಾಳಿಂಬೆ ಬೇಕು. ದಾಳಿಂಬೆಯ ಎದುರು ಯಾರು ಕೂತಿದ್ರು ಅನ್ನೋದು ಬೇಡ."

"ಗೊತ್ತು ಮೇಡಂ. ಹೊಸದು ಬರೀತೀನಿ. ಶನಿವಾರ ಕೊಡ್ತೀನಿ."

"ಆಗುತ್ತಾ?"

"ಆಗುತ್ತೆ."

ಆ ಮಾತು ತನ್ನ ಬಾಯಿಂದಲೇ ಬಂತಾ ಎಂದು ಅವಳಿಗೇ ಆಶ್ಚರ್ಯ!

ಮರುದಿನ ಬಂದು ನೋಡಿದರೆ ಎದುರಿನ ಕುರ್ಚಿಯಲ್ಲಿ ಬಿಳಿ ಅಂಗಿ. ಇಸ್ತ್ರಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಕೋಟು?"

"ಲ್ಯಾಬಲ್ಲೇ ಬಿಟ್ಟು ಬಂದೆ. ನಿಮ್ಮ ಹಣ್ಣಿಗೆ ನನ್ನಿಂದ ತೊಂದ್ರೆ ಆಗಬಾರದು." ಸ್ವಲ್ಪ ತಡೆದು ಹೇಳಿದ. "ಅವತ್ತು ಎಲ್ಲರ ಮುಂದೆ ಹಾಗೆ ಅಂದಿದ್ದು ತಪ್ಪಾಯ್ತು ರೀ. ನೀವು ಮಾತಾಡಲಿ ಅಂತ... ಬೇರೆ ದಾರಿ ಗೊತ್ತಾಗಲಿಲ್ಲ."

"ಚೆನ್ನಾಗಿದ್ದೀರಾ ಅಂತ ಕೇಳಬಹುದಿತ್ತು."

"ಕೇಳಿದ್ದೆ. ಮೂರು ಸಲ. ನೀವು 'ಹೂಂ' ಅಂದ್ರಿ."

ಅವಳು ನಕ್ಕಳು. ತುಟಿ ಕಚ್ಚಿಕೊಳ್ಳದೆ, ಎದುರೆದುರೇ!

ಶನಿವಾರ ಮೇಡಂ ಚಿತ್ರಗಳನ್ನೆಲ್ಲ ಗೋಡೆಗೆ ಒರಗಿಸಿ, ದೂರ ನಿಂತು ನೋಡಿದರು. ಆಮೇಲೆ ಅವಳ ದಾಳಿಂಬೆಯನ್ನು ಎತ್ತಿಕೊಂಡು, "ಸೋಮವಾರ ಸಸ್ಯೋದ್ಯಾನಕ್ಕೆ ಬಾ. ನಿನ್ನ ಪೆನ್ಸಿಲ್ ನೀನೇ ತಾ, ಅಲ್ಲಿನವು ಮೊಂಡು," ಎಂದರು. ಅಷ್ಟೇ!

ಫೋನಿನಲ್ಲಿ ಸುದ್ದಿ ಕೇಳಿ ಅಕ್ಕ ಕಿರುಚಿದ್ದು ಇಡೀ ಕೋಣೆಗೆ ಕೇಳಿಸಿತು. "ಎಲ್‌ಕೆಜಿ ಪಾಸಾದ್ಯೇನೇ ಪುಟ್ಟಿ!"

ಎಲ್ಲರೂ ಹೊರಟ ಮೇಲೂ ಅವನು ಕುರ್ಚಿ ಬಿಟ್ಟೇಳಲಿಲ್ಲ.

"ಗೆದ್ದ ಚಿತ್ರದಲ್ಲಿ ನಾನಿಲ್ಲ," ಎಂದ. ನಗುತ್ತಲೇ ಅಂದರೂ ದನಿಯಲ್ಲೇನೋ ಇತ್ತು.

ಅವಳು ಹಳೆಯ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ನೆರಳಿನ ಅಂಚಿನಲ್ಲಿ ಆ ನೀಲಿ.

"ಇದು ಪುಸ್ತಕದ್ದಲ್ಲ. ನನ್ನದು," ಎಂದಳು. "ನೀವು ಎದ್ದು ಹೋದಾಗ ಹಣ್ಣು ಮಾತ್ರ ಮಂಕಾಗಿದ್ದು ಅಂದ್ಕೊಂಡಿದ್ದೆ... ಹಣ್ಣು ಮಾತ್ರ ಅಲ್ಲ."

ಅವನು ಬಗ್ಗಿ ಆ ಗೆರೆಯನ್ನು ನೋಡಿದ. ಕಣ್ಣು ತುಂಬಿತ್ತು.

"ಇದರಲ್ಲಿ ಕೋಟಷ್ಟೇ ಇದೆ. ಮುಖ ಯಾವಾಗ ಬರೀತೀರಿ?"

"ಸೋಮವಾರದಿಂದ ಸಂಜೆ ಸಸ್ಯೋದ್ಯಾನಕ್ಕೆ ಆ ನೀಲಿ ಕೋಟೇ ಹಾಕ್ಕೊಂಡು ಬನ್ನಿ. ಎದುರು ಕೂತ್ಕೊಳ್ಳಿ."

"ಎಷ್ಟು ದಿನ ಕೂರಬೇಕು?"

ಅವಳು ದಾಳಿಂಬೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. ಬೆರಳು ಹಿಂದೆಗೆಯಲಿಲ್ಲ.

"ಇದು ಬೇಗ ಕೆಡೋ ಹಣ್ಣಲ್ಲ," ಎಂದಳು. "ತಿನ್ನಬೇಡಿ, ಅಷ್ಟೇ."