ಇನ್ನೊಂದು ವಾರ ಕಾಯಿರಿ

“ಕದ್ದ ಫೋನ್ ನಾನು ಮುಟ್ಟಲ್ಲ ಮೇಡಂ,” ಎಂದು ಅವನು ಫೋನನ್ನು ಗಾಜಿನ ಕೌಂಟರಿನ ಮೇಲೆ ಅವಳ ಕಡೆಗೇ ಸರಿಸಿದ.

ದೀಪಶ್ರೀ ಅದನ್ನು ಎತ್ತಿಕೊಳ್ಳಲಿಲ್ಲ. ಮೂಡಿಗೆರೆಯ ಬ್ಯಾಂಕಿನ ಮೇಲಿನ ಮಹಡಿಯಲ್ಲಿದ್ದ ಆ ರಿಪೇರಿ ಅಂಗಡಿಗೆ ಅವಳು ಬಂದದ್ದು ಅದೇ ಮೊದಲು. ಫೋನ್ ರೀಸೆಟ್ ಮಾಡಿಕೊಡಿ ಎಂದಿದ್ದಳು. ಅವನು ಪಾಸ್‌ವರ್ಡ್ ಕೇಳಿದ; ಗೊತ್ತಿಲ್ಲ ಎಂದಳು. ಯಾರ ಅಕೌಂಟ್ ಇದೆ ಎಂದ, ತನ್ನದಲ್ಲ ಎಂದಳು. ಇಷ್ಟು ಕೇಳಿದ ಮೇಲೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

“ಫೋನ್ ನಂದೇ. ಬೀಗ ಮಾತ್ರ ನಂದಲ್ಲ,” ಎಂದಳು.

ಅವನು ಆಗ ಮುಖವೆತ್ತಿ ನೋಡಿದ. ತುಟಿಯ ನಡುವೆ ಒಂದು ಸಣ್ಣ ಸ್ಕ್ರೂ ಇತ್ತು. ಅದನ್ನು ತೆಗೆದು ತಟ್ಟೆಗೆ ಹಾಕಿ, ಮತ್ತೆ ಫೋನ್ ಎತ್ತಿಕೊಂಡ. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸಾಲುಗಳೂ ಬೂದು ಬಣ್ಣಕ್ಕೆ ತಿರುಗಿದ್ದವು. ಯಾವುದನ್ನು ಒತ್ತಿದರೂ ಅಲುಗುತ್ತಿರಲಿಲ್ಲ. ಕೆಳಗೆ ಬಂದ ಹೆಸರನ್ನು ಅವನು ಗಟ್ಟಿಯಾಗಿ ಓದಿದ. ಬಸವರಾಜಪ್ಪ.

“ಇವರು ಯಾರು?”

“ನಮ್ಮ ಭಾವ.”

ಅವನು ಎದ್ದು, ಮೂಲೆಯಲ್ಲಿದ್ದ ಸ್ಟೂಲನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿ ಅವಳ ಮುಂದಿಟ್ಟ. ಕ್ಷಮೆ ಕೇಳುವುದನ್ನು ಹೀಗೂ ಮಾಡಬಹುದು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನ ಹೆಸರು ಚನ್ನಬಸವ.

ಭಾವನದು ಬಣಕಲ್‌ನಲ್ಲಿ ಕಾಫಿ ಖರೀದಿಯ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ದೀಪಶ್ರೀ ಬೆಳೆದದ್ದು ಅಕ್ಕ ರಶ್ಮಿಯ ಮನೆಯಲ್ಲಿ, ಡಿಗ್ರಿ ಓದಿದ್ದು ಭಾವ ಕಳಿಸಿದ್ದರಿಂದ. ಈಗ ಅಂಗಡಿಯಲ್ಲಿ ಕೂತು, ಬೆಳೆಗಾರರು ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿ ತರುವ ಪಾರ್ಚ್‌ಮೆಂಟ್ ಬೀಜದ ಸ್ಯಾಂಪಲ್ ನೋಡುತ್ತಿದ್ದಳು. ಫೋನನ್ನು ಕೊಂಡದ್ದು ಕಾಲೇಜಿನಲ್ಲಿ ಬಂದ ಸ್ಕಾಲರ್‌ಶಿಪ್ಪಿನಿಂದ. ಒಂದು ದಿನ ಊಟದ ಹೊತ್ತಿಗೆ ಭಾವ ಅದನ್ನು ಕೇಳಿ ಪಡೆದು, ಅವಳು ಮಜ್ಜಿಗೆ ಕುಡಿಯುವಷ್ಟರಲ್ಲಿ ತಮ್ಮ ಅಕೌಂಟ್ ಹಾಕಿ ವಾಪಸ್ ಕೊಟ್ಟಿದ್ದರು. ಕಾಲ ಸರಿಯಿಲ್ಲಮ್ಮ, ನಿನ್ನ ಒಳ್ಳೇದಕ್ಕೆ, ಎಂದಿದ್ದರು.

ಅಂದಿನಿಂದ ಅವರು ಒಪ್ಪಿದ ನಂಬರುಗಳ ಕರೆಗಳು ಮಾತ್ರ ಅವಳಿಗೆ ಬರುತ್ತಿದ್ದವು. ಅವಳು ಎಲ್ಲಿದ್ದಾಳೆಂದು ಅವರ ಫೋನಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತಿತ್ತು. ಅವಳು ಗುಟ್ಟಾಗಿ ತಂದಿಟ್ಟ ಇನ್ನೊಂದು ಫೋನು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿಬಿದ್ದಾಗಲೂ ಭಾವ ಬೈಯಲಿಲ್ಲ. ಅದನ್ನು ಒರೆಸಿ, ದೇವರ ಮನೆಯ ಕಪಾಟಿನಲ್ಲಿಟ್ಟು, ಊಟ ಮಾಡಮ್ಮ ಎಂದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಊಟ ಮಾಡು ಎನ್ನುವವರಿಗೆ ಏನು ಹೇಳುವುದು? ಅಕ್ಕ ಆಗ ಅನ್ನ ಬಡಿಸಿದಳು. ಮೂವರೂ ಉಂಡರು. ಆ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡಿ ಮುಚ್ಚುತ್ತಿರಲಿಲ್ಲ.

ಶುಕ್ರವಾರ ಅಂಗಡಿಯ ಬ್ಯಾಂಕ್ ಕೆಲಸ ಅವಳದು. ರಿಪೇರಿ ಅಂಗಡಿ ಸರಿಯಾಗಿ ಬ್ಯಾಂಕಿನ ತಲೆಯ ಮೇಲಿತ್ತು. ನಕ್ಷೆಗೆ ಮೇಲು ಕೆಳಗು ತಿಳಿಯದು. ಅವಳು ಮೆಟ್ಟಿಲು ಹತ್ತಿದರೂ ಚುಕ್ಕೆ ಬ್ಯಾಂಕಿನಲ್ಲೇ ಇರುತ್ತಿತ್ತು. ಲೋಕದಲ್ಲಿ ಅವಳಿಗೆಂದು ಇದ್ದ ಜಾಗ ಅಷ್ಟೇ, ಬ್ಯಾಂಕಿನ ಕ್ಯೂ ಎಷ್ಟು ಉದ್ದವೋ ಅಷ್ಟು ಹೊತ್ತು.

ಚನ್ನಬಸವ ನಿಧಾನವಾಗಿ ವಿವರಿಸಿದ. ಬರೀ ರೀಸೆಟ್ ಮಾಡಿದರೆ ಫೋನು ಮತ್ತೆ ಭಾವನ ಅಕೌಂಟನ್ನೇ ಕೇಳುತ್ತದೆ. ಬುಡದಿಂದ ಬಿಡಿಸಬೇಕು. ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಅದು ಫೋನಿನ ಹೆಬ್ಬಾಗಿಲು. ಆಮೇಲೆ ಕಂಪನಿಯ ಸಾಫ್ಟ್‌ವೇರ್ ಪೂರ್ತಿ ಅಳಿಸಿ ಬೇರೆ ಫರ್ಮ್‌ವೇರ್ ಹಾಕಿ, ರೂಟ್ ಮಾಡಿ ಕೊಡುತ್ತೇನೆ ಎಂದ.

“ರೂಟ್ ಅಂದ್ರೆ?”

“ಯಜಮಾನಿಕೆ ನಿಮ್ಮ ಕೈಗೆ ಬರೋದು. ಆಮೇಲೆ ಅದು ಯಾರ ಮಾತೂ ಕೇಳಲ್ಲ, ನಿಮ್ಮದು ಬಿಟ್ಟು.” ಫೋನನ್ನು ಮಗುಚಿ ನೋಡಿ, “ಕೈ ತಪ್ಪಿದ್ರೆ ನಿಮ್ಮ ಮಾತೂ ಕೇಳಲ್ಲ. ಇಟ್ಟಿಗೆ ಆಗ್ತದೆ,” ಎಂದ.

ಅವಳು ನಕ್ಕಳು. ಅವನು ತಲೆ ತಗ್ಗಿಸಿ, ಬಿಚ್ಚಿಟ್ಟಿದ್ದ ಯಾವುದೋ ಫೋನಿನ ಕಪ್ಪು ಪರದೆಯಲ್ಲಿ ಆ ನಗೆಯನ್ನು ನೋಡಿದ. ನೋಡಿದ್ದು ಅವಳಿಗೆ ಕಂಡಿತು. ಅವಳೂ ಅದೇ ಪರದೆಯನ್ನು ನೋಡುತ್ತಿದ್ದಳು.

ಒಂದು ತೊಡಕಿತ್ತು. ಅನ್‌ಲಾಕ್‌ಗೆ ಫೋನ್ ಕಂಪನಿಯ ಒಪ್ಪಿಗೆ ಬೇಕು. ಕೇಳಿಕೊಂಡರೆ ಒಂದು ವಾರ ಕಾಯಿಸುತ್ತಾರೆ. ಆ ವಾರದಲ್ಲಿ ಕಂಪನಿಯ ಅಕೌಂಟಿನಿಂದ ಒಮ್ಮೆ ಸೈನ್ ಔಟ್ ಆದರೂ ಸಾಕು, ಎಣಿಕೆ ಮತ್ತೆ ಮೊದಲಿನಿಂದ. ಇನ್ನೊಂದು ಮಾತನ್ನು ಅವನು ಫೋನಿನ ಕಡೆ ನೋಡುತ್ತಲೇ ಹೇಳಿದ. ಬಾಗಿಲು ತೆರೆದ ಕ್ಷಣ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಭಾವನ ನಕ್ಷೆಯ ಚುಕ್ಕೆಯೂ. ಅವರಿಗೆ ಆಗಲೇ ತಿಳಿಯುತ್ತದೆ.

“ಅಂದ್ರೆ ಆ ದಿನ ಮನೆಗೆ ಹೋಗೋ ಹಾಗಿಲ್ಲ,” ಎಂದಳು.

“ಹೋಗ್ಬಹುದು. ಉತ್ತರ ಇಟ್ಕೊಂಡು ಹೋಗ್ಬೇಕು.”

ಹೋಗಲು ಅವಳಿಗೆ ಒಂದು ಜಾಗವಿತ್ತು, ಇನ್ನೂ ಸಿಕ್ಕಿರಲಿಲ್ಲ ಅಷ್ಟೆ. ಚಿಕ್ಕಮಗಳೂರಿನ ಒಂದು ಕಾಫಿ ಸಂಸ್ಥೆ ರುಚಿ ನೋಡುವ ಕೆಲಸ ಕಲಿಯುವವರನ್ನು ಕರೆದಿತ್ತು. ಅವಳು ಅರ್ಜಿ ಹಾಕಿದ್ದಳು. ಅವರ ಕರೆ ತನ್ನ ಫೋನಿಗೆ ಬರಲಾರದೆಂದು ಈಗ ಅವರಿಗೆ ಚನ್ನಬಸವನ ಅಂಗಡಿಯ ನಂಬರ್ ಕೊಟ್ಟಳು. ಆ ಮೇಲ್ ಕಳಿಸಲು ಅವನೇ ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿಕೊಟ್ಟ.

ಭಾವನ ಬೀಗಕ್ಕೆ ಸಿಗದೆ ಉಳಿದಿದ್ದ ಕಂಪನಿಯ ಆ್ಯಪಿನಲ್ಲಿ ತನ್ನ ಹೆಸರಿನ ಅಕೌಂಟ್ ಹಾಕಿ, ಕೋರಿಕೆ ಕಳಿಸಿ, ಅವಳು ಬಸ್ ಹತ್ತಿದಳು.

ಆ ವಾರ ಅವಳು ಬೀಜ ನೋಡಿದಳು, ರೊಟ್ಟಿ ತಟ್ಟಿದಳು, ಭಾವ ಕೇಳಿದಾಗ ಫೋನ್ ಕೊಟ್ಟಳು. ಹಾರ್ವೆಸ್ಟಿನ ಕಾಲ, ಎಸ್ಟೇಟಿನ ಜೀಪುಗಳು ಮೂಟೆ ಇಳಿಸಿ ಹೋಗುತ್ತಿದ್ದವು. ಮೂಟೆಗಳ ನಡುವೆ ಕೂತಾಗ ಅವಳಿಗೆ ನೆನಪಾಗುತ್ತಿದ್ದದ್ದು ಬಿಡುಗಡೆಯಲ್ಲ. ಹೆಬ್ಬೆರಳಲ್ಲಿ ಸುಟ್ಟ ಕಲೆಯಿದ್ದ ಒಂದು ಕೈ, ಅದು ಸ್ಟೂಲನ್ನು ಒರೆಸಿದ ರೀತಿ.

ಮುಂದಿನ ಶುಕ್ರವಾರ ಬಸ್ಸು ಮೂಡಿಗೆರೆಗೆ ಮೊದಲು ಸಿಗುವ ಹ್ಯಾಂಡ್‌ಪೋಸ್ಟ್ ದಾಟುವಾಗ ಅವಳು ಫೋನ್ ತೆಗೆದಳು. ಇವತ್ತು ಬಾಗಿಲು ತೆರೆದರೆ ಎಲ್ಲಿ ಇಳಿಯುವುದು? ತೆರೆದ ಮೇಲೆ ಆ ಮೆಟ್ಟಿಲು ಹತ್ತಲು ಏನು ನೆಪ? ಯಾವ ಯೋಚನೆ ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. ಬೆರಳು ಸೈನ್ ಔಟ್ ಮೇಲೆ ಹೋಗಿ ಕೂತಿತು. ಆಮೇಲೆ ಮತ್ತೆ ಸೈನ್ ಇನ್ ಆದಳು, ಏನೂ ಆಗದವಳಂತೆ.

ಮೇಲೆ ಅವನು ಫೋನಿಗೆ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡಿದ. ಪರದೆಯಲ್ಲಿ ಬಂತು: ಇನ್ನೊಂದು ವಾರ ಕಾಯಿರಿ.

ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಕೆಲವು ಸಲ ಹೀಗಾಗ್ತದೆ ಎಂದ. ಮತ್ತೆ ಕೋರಿಕೆ ಕಳಿಸಿದ.

ಹೀಗೇ ಶುಕ್ರವಾರಗಳು ಬಂದವು. ಪ್ರತಿ ಸಲ ಹ್ಯಾಂಡ್‌ಪೋಸ್ಟ್, ಪ್ರತಿ ಸಲ ಅದೇ ಬೆರಳು. ತನ್ನ ಸೆರೆಯ ಬೀಗವನ್ನು ತಾನೇ ವಾರವಾರ ಹಾಕಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಬೀಗದ ದೆಸೆಯಿಂದಲೇ ಅವಳಿಗೆ ಅವನ ಎದುರು ಕೂರಲು ಸಿಗುತ್ತಿತ್ತು.

ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಬೆಸುಗೆ ಹಾಕುವಾಗ ಉಸಿರು ಹಿಡಿಯುತ್ತಿದ್ದ, ಅವಳೂ ಹಿಡಿಯುತ್ತಿದ್ದಳು. ಒಮ್ಮೆ ಅವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ. ಅವಳು ಮೂಗಿನ ಹತ್ತಿರ ಹಿಡಿದು, ಚಿಕೋರಿ ಜಾಸ್ತಿ, ಬೀಜವೂ ನೆನೆಹಾಕುವ ತೊಟ್ಟಿಯಲ್ಲೇ ಹುಳಿ ಬಂದದ್ದು ಎಂದಳು.

“ನಮ್ಮಮ್ಮನ ಎದುರು ಮಾತ್ರ ಹೇಳ್ಬೇಡಿ ಮಾರಾಯ್ರೆ. ಇಬ್ಬರಿಗೂ ಊಟ ಸಿಗಲ್ಲ,” ಎಂದ.

ಇಬ್ಬರಿಗೂ ಎಂದದ್ದು ಅವನಿಗೆ ತಡವಾಗಿ ಅರಿವಾಯಿತು. ಕಿವಿ ಕೆಂಪಾಯಿತು. ಅವಳು ಆ ಹುಳಿ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

ಚಿಕ್ಕಮಗಳೂರಿನವರ ಪರೀಕ್ಷೆ ನಡೆದದ್ದೂ ಅಲ್ಲೇ, ಒಂದು ಶುಕ್ರವಾರ, ಅವನ ಲ್ಯಾಪ್‌ಟಾಪಿನಲ್ಲಿ. ಅವರು ಕೊರಿಯರ್‌ನಲ್ಲಿ ಕಳಿಸಿದ್ದ ಪುಡಿಗಳಿಗೆ ಅವನು ಬಿಸಿನೀರು ಹಾಕಿಕೊಟ್ಟ. ಅವಳು ಚಮಚದಲ್ಲಿ ಹೀರಿ ತನಗನ್ನಿಸಿದ್ದನ್ನು ಪರದೆಗೆ ಹೇಳುತ್ತಿದ್ದರೆ, ಅವನು ಬಾಗಿಲ ಹೊರಗೆ ನಿಂತು ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸುತ್ತಿದ್ದ. ಮುಗಿದ ಮೇಲೆ ಹೇಗಾಯ್ತು ಎಂದೂ ಕೇಳಲಿಲ್ಲ. ಅವಳ ಮುಖ ನೋಡಿ, ಖಾಲಿ ಲೋಟಗಳನ್ನು ತೊಳೆಯಲು ಒಯ್ದ.

ಆಮೇಲಿನ ಶುಕ್ರವಾರ ಅವಳು ಮೆಟ್ಟಿಲು ಹತ್ತಿ ಬಂದಾಗ ಅವನ ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ. ಚಿಕ್ಕಮಗಳೂರಿಂದ ಈಗಷ್ಟೇ ಫೋನ್ ಬಂದಿತ್ತು ಎಂದ. ಅವಳನ್ನು ತೆಗೆದುಕೊಂಡಿದ್ದಾರೆ. ಹಾಸ್ಟೆಲ್ ಇದೆ. ನಾಳೆ ಬೆಳಿಗ್ಗೆ ಸೇರಬೇಕು, ಬರದಿದ್ದರೆ ಬೇರೆಯವರಿಗೆ ಕೊಡುತ್ತಾರೆ.

ದೀಪಶ್ರೀ ಗೋಡೆ ಹಿಡಿದುಕೊಂಡಳು. ಆಮೇಲೆ ನಗು ಬಂತು. ಫೋನನ್ನು ಅವನ ಮುಂದೆ ಇಟ್ಟು, “ಹಂಗಾದ್ರೆ ಇವತ್ತೇ ತೆಗೆದುಬಿಡಿ,” ಎಂದಳು.

ಹೇಳಿದ ಮೇಲೆ ಹ್ಯಾಂಡ್‌ಪೋಸ್ಟ್ ನೆನಪಾಯಿತು.

ಅವನು ಕೇಬಲ್ ಸಿಕ್ಕಿಸಿದ. ಇನ್ನೊಂದು ವಾರ ಕಾಯಿರಿ ಎಂದು ಬಂತು. ಅವನ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ. ಅದನ್ನು ನೋಡಿ ಅವಳಿಗೆ ಎಲ್ಲ ತಿಳಿಯಿತು.

“ನಿಮಗೆ ಗೊತ್ತಿತ್ತಾ?”

“ಮೊದಲನೇ ಸಲವೇ. ಸೈನ್ ಔಟ್ ಆದ ಹೊತ್ತು ಅಕೌಂಟಲ್ಲಿ ಕಾಣ್ತದೆ. ಯಾವಾಗ್ಲೂ ನೀವು ಬಸ್ಸಲ್ಲಿರೋ ಹೊತ್ತು.”

“ಯಾಕೆ ಕೇಳಲಿಲ್ಲ?”

ಕೆಳಗೆ ಬ್ಯಾಂಕಿನಲ್ಲಿ ಯಾರದೋ ಟೋಕನ್ ಕೂಗಿದರು. ಅವನು ಕೇಬಲನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಹೆದರಿಕೆ ಅಂದಿದ್ರೆ ನಾನು ಧೈರ್ಯ ಹೇಳ್ಬೇಕಿತ್ತು. ಹೇಳಿದ್ರೆ ನೀವು ಹೋಗ್ತಿದ್ರಿ,” ಎಂದ. “ಹೆದರಿಕೆ ಅಲ್ಲ ಅಂದಿದ್ರೆ ಏನು ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ.”

“ಎರಡೂ ಹೌದು,” ಎಂದಳು.

ಆಗ ಅವರು ಮೊದಲ ಸಲ ನೇರವಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಅವನ ಕಣ್ಣು ಕಪ್ಪಲ್ಲ, ತಿಳಿ ಕಂದು ಎಂದು ಅವಳಿಗೆ ಅಂದು ತಿಳಿಯಿತು.

ಸಂತೋಷಪಡಲು ಹೊತ್ತಿರಲಿಲ್ಲ. ವಾರ ಕಾಯಲು ಆಗದು; ಅದನ್ನು ಅವಳೇ ಕೈಯಾರೆ ಕಳೆದುಕೊಂಡಿದ್ದಳು. ಚನ್ನಬಸವ ಡ್ರಾಯರ್‌ನಿಂದ ತನ್ನ ಹಳೇ ಫೋನ್ ತೆಗೆದ. ಇದನ್ನು ಒಯ್ಯಿ, ನಿಮ್ಮದು ಇಲ್ಲೇ ಇರಲಿ ಎಂದ. ಬ್ಯಾಂಕ್ ಮುಚ್ಚುವವರೆಗೂ ಚುಕ್ಕೆ ಇಲ್ಲಿದ್ದರೆ ಭಾವನಿಗೆ ಅನುಮಾನ ಬಾರದು, ಅಷ್ಟರಲ್ಲಿ ಅವಳು ಚಿಕ್ಕಮಗಳೂರು ಸೇರಬಹುದು.

ಸುಲಭವಿತ್ತು. ಅವಳು ಆ ಹಳೇ ಫೋನನ್ನು ಕೈಯಲ್ಲಿ ಹಿಡಿದು ನಿಂತಳು. ತನ್ನ ಚುಕ್ಕೆ ಇಲ್ಲಿ ಕೂತು ಸುಳ್ಳು ಹೇಳುತ್ತಿರುವಾಗ ತಾನು ಬಸ್ಸಿನಲ್ಲಿ ತಲೆ ತಗ್ಗಿಸಿ ಕೂರುವುದು ಕಣ್ಣಿಗೆ ಕಂಡಿತು. ಅಕ್ಕಿ ಡಬ್ಬಿಯ ಫೋನಿಗೂ ಇದಕ್ಕೂ ಏನು ವ್ಯತ್ಯಾಸ?

“ಬೇಡ,” ಎಂದು ಅದನ್ನು ಅವನ ಕೈಗಿತ್ತು, ತನ್ನ ಫೋನಿನಿಂದಲೇ ಭಾವನಿಗೆ ಕರೆ ಮಾಡಿದಳು.

ಬ್ಯಾಂಕ್ ಕೆಲಸ ಮುಗಿಯಿತೇನಮ್ಮ ಎಂದರು ಭಾವ. ಮುಗಿಯಿತು ಎಂದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: ಕೆಲಸ ಸಿಕ್ಕಿದೆ, ಹಾಸ್ಟೆಲ್ ಇದೆ, ಈಗಲೇ ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ. ಆ ಕಡೆ ತಕ್ಕಡಿಯ ಮೇಲೆ ಮೂಟೆ ಬಿದ್ದ ಸದ್ದು ಕೇಳಿಸಿತು. ಭಾವ ಗಂಟಲು ಸರಿಮಾಡಿಕೊಂಡು, ಮೊದಲು ಮನೆಗೆ ಬಾ, ಕೂತು ಮಾತಾಡೋಣ ಎಂದರು. ಎಂದಿನ ಅದೇ ಮೆತ್ತನೆಯ ದನಿ.

“ಕೂತು ಮಾತಾಡಿದ್ರೆ ನಾನು ಹೋಗಲ್ಲ ಭಾವ. ನನಗೆ ಗೊತ್ತು,” ಎಂದಳು. “ಅದಕ್ಕೇ ಬರ್ತಿಲ್ಲ.”

ಅವರು ಕರೆಯನ್ನು ಕತ್ತರಿಸಲಿಲ್ಲ. ಚನ್ನಬಸವ ಸ್ಟೂಲನ್ನು ಕಾಲಿನಿಂದ ಹತ್ತಿರ ತಳ್ಳಿದ, ಅವಳು ಕೂರಲಿಲ್ಲ. ಆಗ ಆ ಕಡೆ, ಭಾವನ ಹಿಂದಿನಿಂದ, ಅಕ್ಕನ ದನಿ ಕೇಳಿಸಿತು.

“ಬಟ್ಟೆ ನಾನು ಕಳಿಸ್ತೀನಿ ಅನ್ನಿ ಅವಳಿಗೆ.”

ಭಾವ ಅದನ್ನು ದಾಟಿಸಲಿಲ್ಲ. ತಲುಪಿದ ಮೇಲೆ ಫೋನ್ ಮಾಡು ಎಂದಷ್ಟೇ ಹೇಳಿ ಇಟ್ಟರು. ಒಪ್ಪಿಗೆಯೋ ಅಪ್ಪಣೆಯೋ ತಿಳಿಯಲಿಲ್ಲ. ಅವಳು ಕಣ್ಣೊರೆಸಿಕೊಂಡಳು.

ಚನ್ನಬಸವ ಮತ್ತೊಮ್ಮೆ ಕೋರಿಕೆ ಕಳಿಸಿ ಫೋನನ್ನು ವಾಪಸ್ ಕೊಟ್ಟ. ಅಂಗಡಿಗೆ ಶಟರ್ ಎಳೆದು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದ. ಭಾವ ಈಗಲೂ ನಕ್ಷೆಯಲ್ಲಿ ಚುಕ್ಕೆ ನೋಡುತ್ತಿರಬಹುದು ಎಂದು ಅವಳಿಗೆ ಗೊತ್ತಿತ್ತು. ನೋಡಲಿ ಎಂದುಕೊಂಡಳು. ನಡಿಗೆ ನಿಧಾನ ಮಾಡಿದಳು.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವನು ಕೆಳಗೆ ನಿಂತು, ಮುಂದಿನ ಶುಕ್ರವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ತಾನೇ ಚಿಕ್ಕಮಗಳೂರಿಗೆ ಬರುವುದಾಗಿ ಹೇಳಿದ. ಅವಳು ತಲೆಯಾಡಿಸಿದಳು. ಡ್ರೈವರ್ ಹತ್ತಿ ಕೂತ. ಅವನು ಹೇಳಬೇಕಾದ್ದು ಇನ್ನೂ ಉಳಿದಿತ್ತು. ಕಂಡಕ್ಟರ್ ಬಾಗಿಲು ಎಳೆದುಕೊಂಡ ಮೇಲೆ ಹೇಳಿದ.

“ಫೋನ್ ಓಪನ್ ಆದ ಮೇಲೂ ಬರ್ಲಾ?”

ದೀಪಶ್ರೀ ಕಿಟಕಿಯ ಸರಳಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಹಗಲು, ಇಡೀ ನಿಲ್ದಾಣದ ಎದುರು.

“ಬನ್ನಿ,” ಎಂದಳು. “ಕಾರಣ ಹುಡುಕ್ಕೊಂಡು ಬರ್ಬೇಡಿ. ಸುಮ್ನೆ ಬನ್ನಿ.”

ಬಸ್ಸು ಹೊರಟಿತು. ಅವನು ಕೈ ತೆಗೆಯದೆ ಪಕ್ಕದಲ್ಲೇ ಒಂದಿಷ್ಟು ದೂರ ನಡೆದ.