ಕ್ಯೂ ಕರಗಿಸಿದವನು

ಚಾಕು ನನ್ನ ಪಕ್ಕೆಗೆ ತಾಗಿತ್ತು.

"ಬಿಡೋ ನನ್ನ! ಬಸ್ಸು ಹೊರಡುತ್ತೆ!"

ಚಾಕು ಹಿಡಿದಿದ್ದವರು ನಮ್ಮ ಉಳಿತಾಯ ಸೊಸೈಟಿಯ ಪ್ರೆಸಿಡೆಂಟು. ಹಣ್ಣು ಹೆಚ್ಚುವ ಚಾಕು... ಅದೂ ಮೊಂಡು!

ಮಣಿಕಟ್ಟು ತಿರುಚಿದೆ. ಚಾಕು ಬಿತ್ತು.

"ನಡೀರಿ ಸಾಹೇಬ್ರೇ. ಮೆಂಬರುಗಳು ಕಾಯ್ತಾ ಇದಾರೆ."

ಮೊಣಕಾಲಿನಿಂದ ನನ್ನ ಹೊಟ್ಟೆಗೆ ಗುದ್ದಿ ಓಟ ಕಿತ್ತರು. ಅರವತ್ತು ದಾಟಿದ ಮನುಷ್ಯ, ಕಂಕುಳಲ್ಲಿ ಬ್ಯಾಗು... ಬಸ್ ಸ್ಟ್ಯಾಂಡಿನ ಎರಡು ಕಂಬಿ ಹಾರಿದರು! ಟಿಕೆಟ್ ಕೌಂಟರಿನ ಹಿಂದೆ ಕಾಲರ್ ಸಿಕ್ಕಿತು. ಎಳೆದು ತಂದು ಕಾರಿಗೆ ತುಂಬಿದೆ.

ನಾನು ಯಾರು ಅಂತೀರಾ? ಸೊಸೈಟಿಯ ರಿಕವರಿ ಏಜೆಂಟು. ಕಂತು ಕಟ್ಟದವರ ಬಾಗಿಲು ಬಡಿಯುವವನು. ಅದಕ್ಕೆ ನನಗೆ ನಾಚಿಕೆಯಿಲ್ಲ.

ನಾಚಿಕೆ ಬೇರೆಯದಕ್ಕೆ.

ಸೊಸೈಟಿ ಹುಟ್ಟಿದ್ದು ಸೈಕಲ್ ಶಾಪಿನ ಮೇಲಿನ ಒಂದೇ ಕೋಣೆಯಲ್ಲಿ. ದರ್ಜಿಗಳು, ಡ್ರೈವರುಗಳು, ನರ್ಸುಗಳು ತಿಂಗಳಿಗಿಷ್ಟು ಅಂತ ಕಟ್ಟುವರು, ಸರದಿ ಬಂದಾಗ ಮನೆಗೆ ಸಾಲ ಪಡೆಯುವರು. ಹತ್ತೇ ವರ್ಷ... ನಾಲ್ಕು ಮಹಡಿ, ಗಾಜಿನ ಬಾಗಿಲು, ಲಿಫ್ಟು! ಆಮೇಲೆ ಸಾಹೇಬರು ಭಾವಮೈದುನನ ಮಾಲ್‌ಗೆ ದುಡ್ಡು ಸುರಿದರು. ಮಾಲ್ ಪಾಯದಿಂದ ಮೇಲೇಳಲಿಲ್ಲ. ಗುಸುಗುಸು ಎದ್ದಿತು. ಠೇವಣಿ ವಾಪಸ್ ಕೇಳುವವರ ಕ್ಯೂ ಬೀದಿಯ ತಿರುವು ದಾಟಿತು.

ಅವತ್ತು ಸಾಹೇಬರು ನನ್ನನ್ನು ಹಿಂಬಾಗಿಲಿಗೆ ಕರೆದು ಐದು ಲಕ್ಷದ ಕಟ್ಟು ಕೊಟ್ಟರು. ಸೊಸೈಟಿಯದೇ ದುಡ್ಡು!

"ಮುಂದಿನಿಂದ ಬಾ. ಎಲ್ಲರ ಕಣ್ಣಿಗೆ ಬೀಳೋ ಹಾಗೆ ಡೆಪಾಸಿಟ್ ಮಾಡು."

ಮಾಡಿದೆ. ಜೋರಾಗಿ ರಸೀದಿ ಕೇಳಿ ಪಡೆದೆ. ವಸೂಲಿ ಮಾಡುವವನೇ ದುಡ್ಡಿಡುತ್ತಿದ್ದಾನೆಂದರೆ ಭಯವೇನು? ಅರ್ಧ ಗಂಟೆಯಲ್ಲಿ ಕ್ಯೂ ಕರಗಿತು.

ಆ ಕ್ಯೂನಲ್ಲಿ ಏಳನೆಯವಳು ನನ್ನ ಅಕ್ಕ.

ಭಾವ ಸತ್ತ ಮೇಲೆ ಹೊಲಿಗೆ ಮಷಿನ್ ತುಳಿದು ಎಂಟು ಲಕ್ಷ ಕೂಡಿಸಿದ್ದಳು. ಬಾಡಿಗೆಗಿದ್ದ ಅಂಗಡಿಯನ್ನು ಕೊಂಡುಕೊಳ್ಳಲು. ನನ್ನನ್ನು ನೋಡಿ ಕೈಯಲ್ಲಿದ್ದ ಫಾರಂ ಹರಿದಳು.

"ನೀನೇ ಇಡ್ತಾ ಇದೀಯಲ್ಲೋ... ನನಗ್ಯಾಕೆ ಅವಸರ!"

ನಾನು ನಕ್ಕೆ. ಹೌದು... ನಕ್ಕೆ!

ನಾಲ್ಕು ದಿನಕ್ಕೆ ಷಟರ್ ಎಳೆದರು. ಉಳಿದ ದುಡ್ಡು ಬ್ಯಾಗಿಗೆ ತುಂಬಿ ಸಾಹೇಬರು ಪರಾರಿ.

ಈಗ ಕಾರಿನಲ್ಲಿ ಸಾಹೇಬರು ಆ ಬ್ಯಾಗು ತಟ್ಟಿದರು.

"ನಿಮ್ಮಕ್ಕನ ಎಂಟು ಲಕ್ಷ ಈಗಲೇ ಎಣಿಸಿ ಕೊಡ್ತೀನಿ. ನನ್ನ ಇಲ್ಲೇ ಇಳಿಸು."

"ಉಳಿದವರದ್ದು?"

"ನಿನಗ್ಯಾಕೆ ಊರ ಉಸಾಬರಿ? ನಾನು ಬಾಯಿ ಬಿಟ್ರೆ ನೀನೂ ಒಳಗೇ. ಆ ಡೆಪಾಸಿಟ್ ನಾಟಕ ಮರೆತ್ಯಾ?"

ಬ್ರೇಕ್ ಹಾಕಿದೆ. ಸುಳ್ಳು ಹೇಳಲಾರೆ... ಯೋಚಿಸಿದೆ. ಪೂರ್ತಿ ಒಂದು ನಿಮಿಷ!

ಆಮೇಲೆ ಗೇರ್ ಹಾಕಿದೆ.

ಆಫೀಸಿನ ಮುಂದೆ ನೂರಾರು ಜನ. ಪೊಲೀಸರು ಅಡ್ಡ ನಿಲ್ಲದಿದ್ದರೆ ಸಾಹೇಬರ ಎಲುಬು ಉಳಿಯುತ್ತಿರಲಿಲ್ಲ. ಬ್ಯಾಗು ಅಲ್ಲೇ ಹಾಕಿದ್ದ ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಅಕ್ಕ, ದುಡ್ಡು ಕಳೆದುಕೊಂಡವರ ಪಟ್ಟಿ ಬರೆಯುತ್ತಿದ್ದಳು.

"ಬಂದ್ಯಾ? ಪಾಪ, ನಿಂದೂ ಐದು ಲಕ್ಷ ಮುಳುಗಿತಲ್ಲೋ! ನಿನ್ನ ಹೆಸರೇ ಮೊದಲು ಬರೆದಿದೀನಿ."

ಯಾರೋ ನನ್ನ ಬೆನ್ನು ತಟ್ಟಿದರು. ಯಾರೋ ನೀರಿನ ಬಾಟಲಿ ಕೊಟ್ಟರು. ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟೆ.

"ತೆಗೆದು ಹಾಕು ಅಕ್ಕ."

"ಯಾಕೋ?"

"ಆ ದುಡ್ಡು ನನ್ನದಲ್ಲ. ಸಾಹೇಬರೇ ಕೊಟ್ಟಿದ್ದು. ನೀವೆಲ್ಲ ವಾಪಸ್ ಹೋಗಲಿ ಅಂತ."

ಅಕ್ಕ ಕುರ್ಚಿಯಿಂದ ಎದ್ದಳು.

ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು! ಅಕ್ಕ ಬಗ್ಗಿ ನನ್ನ ಹೆಸರಿನ ಮೇಲೆ ಗೆರೆ ಎಳೆದಳು. ನಿಧಾನವಾಗಿ, ನೇರವಾಗಿ, ಬಟ್ಟೆ ಕತ್ತರಿಸುವ ಮುಂಚೆ ಎಳೆಯುವಂತೆ.

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ಇವನು ನಿಮಗೇನಾಗಬೇಕಮ್ಮ?"

"ಏನೂ ಇಲ್ಲ ಸಾರ್. ಸೊಸೈಟಿಯವನು."

ಪೊಲೀಸ್ ಜೀಪು ಎಲ್ಲಿದೆ ಅಂತ ನನಗೆ ಯಾರೂ ತೋರಿಸಬೇಕಾಗಲಿಲ್ಲ.